ಹತ್ತನೆಯ ಚೂರು

ಎರ್ನಾ ಗ್ಲಾಸರ್ ಎಪ್ಪತ್ತೆರಡರ ಹೆಂಗಸು. ಅರವತ್ತೆಂಟರ ತಮ್ಮ ಪೋಲ್ಡಿಯನ್ನು ಎಳೆದುಕೊಂಡು ವಿಯೆನ್ನಾದ ಆ ಮ್ಯೂಸಿಯಮ್ಮಿನ ಮೆಟ್ಟಿಲು ಹತ್ತಿದ್ದು ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಬರಿಗೈಯಲ್ಲಿ ಇಳಿದಿದ್ದಳು. ಟೈ ಕಟ್ಟಿದ ಮಹನೀಯರು ಕಾಗದಪತ್ರ ಕೇಳಿದ್ದರು. ಊರು ಬಿಟ್ಟು ಓಡುವ ಮಕ್ಕಳ ಜೇಬಿನಲ್ಲಿ ಯಾವ ತಾಯಿ ರಸೀದಿ ಇಟ್ಟು ಕಳಿಸುತ್ತಾಳೆ ಎಂದು ಎರ್ನಾ ಕೇಳಿದ್ದಕ್ಕೆ ಅವರು ಕನ್ನಡಕ ಒರೆಸಿಕೊಂಡಿದ್ದರು.

ಅವಳಿಗೆ ಬೇಕಾದದ್ದು ಅಲ್ಲಿರುವ ಒಂದೇ ಒಂದು ಚಿತ್ರ. ಸಂತೆಯ ಹೆಂಗಸೊಬ್ಬಳು ಕಂಕುಳಲ್ಲಿ ಹೆಬ್ಬಾತು ಸಿಕ್ಕಿಸಿಕೊಂಡು ನಿಂತಿದ್ದಾಳೆ. ಹೆಂಗಸು ನಗುತ್ತಾಳೆ, ಹೆಬ್ಬಾತು ಮಾತ್ರ ಮದುವೆಗೆ ಕರೆಯದ ಸೋದರತ್ತೆಯ ಹಾಗೆ ಮುಖ ಊದಿಸಿಕೊಂಡಿದೆ. ತಾಬೋರ್ ಬೀದಿಯಲ್ಲಿ ಅಪ್ಪನ ಗುಂಡಿ ಅಂಗಡಿಯಿತ್ತು. ಅದರ ಮೇಲಿನ ಮನೆಯಲ್ಲಿ, ಊಟದ ಮೇಜಿನೆದುರು ಈ ಚಿತ್ರ ತೂಗುತ್ತಿತ್ತು. ಮೂವತ್ತೆಂಟರಲ್ಲಿ ನಾಜಿಗಳು ಬಂದು ಅದನ್ನು ಹೊತ್ತೊಯ್ದರು. ಆಮೇಲೆ ಅಪ್ಪ ಅಮ್ಮನನ್ನೂ ಒಯ್ದರು. ಅದಕ್ಕೂ ಮೊದಲೇ ಅಮ್ಮ ಯೆಹೂದಿ ಮಕ್ಕಳನ್ನು ಇಂಗ್ಲೆಂಡಿಗೆ ಒಯ್ಯುವ ರೈಲು ಹತ್ತಿಸಿದ್ದರಿಂದ ಮಕ್ಕಳಿಬ್ಬರು ಉಳಿದುಕೊಂಡರು, ಯುದ್ಧ ಮುಗಿದ ಮೇಲೆ ವಿಯೆನ್ನಾಗೆ ಮರಳಿದರು. ಅಮ್ಮನ ಮುಖ ಎರ್ನಾಗೆ ಈಗ ಸರಿಯಾಗಿ ನೆನಪಿಲ್ಲ, ಆದರೆ ಹೆಬ್ಬಾತಿನ ಮುಖ ನೆನಪಿದೆ. ಅದಕ್ಕೇ ಅವಳಿಗೆ ಆ ಚಿತ್ರ ಬೇಕು.

ಈ ಸಲ ಎದುರು ಕೂತವಳು ಡಾಕ್ಟರ್ ಹೋಫರ್ ಎಂಬ ಹೊಸ ಅಧಿಕಾರಿಣಿ. ಟೈ ಇರಲಿಲ್ಲ, ಕಾಫಿ ಮತ್ತು ಒಂದು ತಟ್ಟೆ ಬಿಸ್ಕತ್ತು ಇತ್ತು.

"ನಿಮ್ಮನ್ನ ನಂಬ್ತೀನಮ್ಮ. ಆದ್ರೆ ಆ ಕಲಾವಿದ ಇದೇ ಹೆಂಗಸನ್ನ, ಇದೇ ಹೆಬ್ಬಾತಿನ ಜೊತೆ ನಾಲ್ಕು ಸಲ ಬರೆದಿದಾನೆ. ನಮ್ಮ ಹತ್ರ ಇರೋದು ನಿಮ್ಮದೇ ಅನ್ನೋಕೆ ಒಂದು ಗುರುತು ಬೇಕು. ನಾಡಿದ್ದು ಸಮಿತಿ ಸೇರುತ್ತೆ. ಅದೇ ಕೊನೆ."

ಎರ್ನಾ ಕೈಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. ಪಕ್ಕದಲ್ಲಿ ಪೋಲ್ಡಿ ತಟ್ಟೆಯ ಕೊನೆಯ ಬಿಸ್ಕತ್ತಿಗೆ ಕೈಹಾಕಿದ. ಸಿಟ್ಟು ಇಳಿಸಿಕೊಳ್ಳಲು ತಮ್ಮಂದಿರಷ್ಟು ಅನುಕೂಲದ ಜಾಗ ಬೇರೆ ಇಲ್ಲ.

"ತಿನ್ನು, ತಿನ್ನು. ಹತ್ತನೇ ಚೂರು ನುಂಗಿದೋನಿಗೆ ಇದ್ಯಾವ ಲೆಕ್ಕ!"

"ನಾನು ತಿಂದಿಲ್ಲ ಕಣೇ ಅಕ್ಕ! ಅರವತ್ತೆರಡು ವರ್ಷದಿಂದ ಬಡ್ಕೋತಾ ಇದೀನಿ!"

"ಯಾವ ಚೂರು?" ಎಂದಳು ಹೋಫರ್.

ಎರ್ನಾ ಹೇಳಿದಳು. ಯೆಹೂದಿಗಳ ಪೆಸಾಹ್ ಹಬ್ಬಕ್ಕೆ ಮನೆಯಲ್ಲಿ ಬ್ರೆಡ್ಡಿನ ಪುಡಿಯೂ ಉಳಿಯಬಾರದು. ಹಿಂದಿನ ಸಂಜೆ ಅಮ್ಮ ಬೇಕೆಂತಲೇ ಹತ್ತು ಚೂರುಗಳನ್ನು ಕಾಗದದಲ್ಲಿ ಸುತ್ತಿ ಅಲ್ಲಲ್ಲಿ ಬಚ್ಚಿಡುವಳು. ಅಪ್ಪ ಮಕ್ಕಳನ್ನು ಕಟ್ಟಿಕೊಂಡು, ಮೇಣದಬತ್ತಿ ಮತ್ತು ಪುಡಿ ಗುಡಿಸಲು ಹಕ್ಕಿಗರಿ ಹಿಡಿದು ಹುಡುಕುವನು. ಹತ್ತೂ ಸಿಕ್ಕರೆ ಬೆಳಿಗ್ಗೆ ಸುಡುವುದು. ಮೂವತ್ತೆಂಟರಲ್ಲಿ ಸಿಕ್ಕಿದ್ದು ಒಂಬತ್ತೇ. ಬೀದಿಯಲ್ಲಿ ನಾಜಿಗಳು ಮಾಡುತ್ತಿದ್ದುದನ್ನು ನೋಡಿ ಅಮ್ಮನ ತಲೆ ನೆಟ್ಟಗಿರಲಿಲ್ಲ. ಹತ್ತನೆಯದನ್ನು ಎಲ್ಲಿಟ್ಟೆನೆಂದು ಅವಳಿಗೇ ಮರೆತುಹೋಗಿತ್ತು. ಆರು ವರ್ಷದ ಪೋಲ್ಡಿಯ ಕೆನ್ನೆಯ ಮೇಲೆ ಬ್ರೆಡ್ಡಿನ ಪುಡಿ ಇತ್ತು.

"ಅದು ಸಂಜೆ ತಿಂಡಿದು!" ಎಂದ ಪೋಲ್ಡಿ.

"ಹಬ್ಬ ಕೆಡ್ತು ಅಂತ ಅಮ್ಮ ಅತ್ತಳು ಕಣೋ. ನಮ್ಮನೇಲಿ ನಡೆದ ಕೊನೇ ಹಬ್ಬ ಅದು."

ಹೋಫರ್ ಫೈಲು ಎಳೆದುಕೊಂಡಳು. ಐವತ್ತೇಳರಲ್ಲಿ ಚಿತ್ರವನ್ನು ದುರಸ್ತಿ ಮಾಡಿದವನು ಬರೆದಿಟ್ಟ ಚೀಟಿಯೊಂದನ್ನು ಹುಡುಕಿ ಜೋರಾಗಿ ಓದಿದಳು. "ಹಿಂಬದಿಯ ಕೆಳಗಿನ ಮರಕ್ಕೂ ಚಿತ್ರದ ಬಟ್ಟೆಗೂ ನಡುವೆ ಒಂದು ಕಾಗದದ ಪೊಟ್ಟಣ. ಒಳಗೆ ಒಣಗಿದ ಬ್ರೆಡ್ಡು. ಯಾರೋ ಕೆಲಸಗಾರನ ತಿಂಡಿಯಿರಬಹುದು. ತೆಗೆದಿಡಲಾಗಿದೆ."

ಮ್ಯೂಸಿಯಮ್ಮಿನವರು ಮನುಷ್ಯರನ್ನು ಮರೆತಾರು, ಪೊಟ್ಟಣ ಎಸೆಯುವವರಲ್ಲ. ಅರ್ಧ ಗಂಟೆಯಲ್ಲಿ ನೆಲಮಾಳಿಗೆಯಿಂದ ಲಕೋಟೆ ಬಂತು. ಅದರೊಳಗೆ ಹೆಬ್ಬೆರಳಿನಷ್ಟು ನೀಲಿ ಪೊಟ್ಟಣ, ಅದರ ಮೇಲೆ ಮಾಸಿದ ಅಚ್ಚಿನಲ್ಲಿ "ಗ್ಲಾಸರ್, ಗುಂಡಿ ವ್ಯಾಪಾರಿಗಳು, ತಾಬೋರ್ ಬೀದಿ".

ಎರ್ನಾ ನೋಡಿದ್ದು ಅಚ್ಚನ್ನಲ್ಲ, ಮಡಿಕೆಯನ್ನು. ಮೂರು ಮೂಲೆ ಒಳಕ್ಕೆ, ನಾಲ್ಕನೆಯದು ಬಾಲದ ಹಾಗೆ ಸಿಕ್ಕಿಸಿದ್ದು. ಅಂಗಡಿಗೆ ಬಂದವರಿಗೆ ಅಮ್ಮ ಗುಂಡಿ ಕಟ್ಟಿಕೊಡುತ್ತಿದ್ದುದು ಹೀಗೇ. ಎರ್ನಾ ಹೋಫರಳ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತಳು.

ಮನೆಗೆ ಹೋಗುವ ಟ್ರ್ಯಾಮಿನಲ್ಲಿ ಪೋಲ್ಡಿ ಎರಡು ನಿಲ್ದಾಣ ಕಾದ.

"ಅಕ್ಕ, ನಂಗೆ ಏನಾದ್ರೂ ಹೇಳೋದಿದ್ಯಾ?"

"ಟೋಪಿ ಸರಿಯಾಗಿ ಹಾಕ್ಕೋ."

ತಪ್ಪಾಯಿತು ಎನ್ನುವ ಮಾತು ಅವಳ ನಾಲಿಗೆಗೆ ಯಾವತ್ತೂ ಒಗ್ಗಿದ್ದಲ್ಲ. ಬೇಕೆಂದರೂ ಅದು ಹೊರಗೆ ಬರಲಿಲ್ಲ.

ಸಮಿತಿ ಒಪ್ಪಿತು. ಪೆಸಾಹ್‌ಗೆ ವಾರವಿರುವಾಗ ಹೆಬ್ಬಾತು ಮನೆಗೆ ಬಂತು, ಮುಖ ಊದಿಸಿಕೊಂಡೇ. ಪೊಟ್ಟಣವನ್ನೂ ಕೊಟ್ಟರು. ಅಮ್ಮನ ಕಾಗದ ಎರ್ನಾ ಇಟ್ಟುಕೊಂಡಳು. ಬ್ರೆಡ್ಡನ್ನು ಪೋಲ್ಡಿ ಬಾಲ್ಕನಿಯಲ್ಲಿ ಸುಟ್ಟ, ಅರವತ್ತೆರಡು ವರ್ಷ ತಡವಾಗಿ.

ಹಬ್ಬದ ಹಿಂದಿನ ಸಂಜೆ ಎರ್ನಾ ಹತ್ತು ಚೂರು ಬಚ್ಚಿಟ್ಟಳು. ಪೋಲ್ಡಿ ಮೇಣದಬತ್ತಿ ಹಿಡಿದು ಮೊಣಕಾಲು ಶಪಿಸುತ್ತಾ ಒಂಬತ್ತನ್ನು ಹುಡುಕಿದ. ಹತ್ತನೆಯದಕ್ಕೆ ಗೆದ್ದವನ ನಗು ನಗುತ್ತಾ ನೇರ ಹೆಬ್ಬಾತಿನ ಹಿಂದೆ ಕೈಹಾಕಿದ. ಅಲ್ಲಿ ಏನೂ ಇರಲಿಲ್ಲ.

"ಎಲ್ಲಿಟ್ಟೆ ಮಾರಾಯ್ತಿ?"

"ಹುಡುಕ್ಬೇಡ ಬಿಡು. ಅದನ್ನ ನಾನು ತಿಂದೆ."

"ತಿಂದ್ಯಾ? ಯಾಕೆ?"

"ಇನ್ನು ಅರವತ್ತೆರಡು ವರ್ಷ ನೀನು ನನ್ನ ಬೈಕೋ."

ಪೋಲ್ಡಿ ಮೇಣದಬತ್ತಿ ಎತ್ತಿ ಅಕ್ಕನ ಮುಖ ನೋಡಿದ. ಕೆನ್ನೆಯ ಮೇಲೆ ಬ್ರೆಡ್ಡಿನ ಪುಡಿ ಅಂಟಿತ್ತು. ಕೈಯಲ್ಲಿದ್ದ ಹಕ್ಕಿಗರಿಯಿಂದ ಅದನ್ನು ಮೆಲ್ಲಗೆ ಒರೆಸಿ, ಆಗಿಂದಾಗಲೇ ಬೈಯಲು ಶುರುಮಾಡಿದ.