ಒವಿದಿಯೊನ ಮೊದಲಕ್ಷರಗಳು

ಬ್ಯೂನಸ್ ಐರಿಸ್ ಬಂದರಿನ ಎದುರಿಗಿದ್ದ ಆ ಕಚೇರಿಯಲ್ಲಿ, ನಿಂಬೆ ಹೊತ್ತ ಹಡಗುಗಳಿಗೆ ಎಷ್ಟು ತಂಪು ಬೇಕೆಂದು ಹೇಳುವ ಪ್ರೋಗ್ರಾಮನ್ನು ಸ್ಮಾಲ್‌ಟಾಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದರು. ಅಲ್ಲಿ ಹಳೆಯದು ಸುಮ್ಮನೆ ಅಳಿದುಹೋಗುವುದಿಲ್ಲ. ತಿದ್ದಿದಷ್ಟೂ ಸಲ ಹಿಂದಿನ ಆವೃತ್ತಿ ಕೆಳಗೆ ಉಳಿಯುತ್ತದೆ, ಪಕ್ಕದಲ್ಲಿ ತಿದ್ದಿದವರ ಹೆಸರಿನ ಮೊದಲಕ್ಷರಗಳ ಸಮೇತ. ಬೇಕೆಂದರೆ ಹಳೆಯದನ್ನೇ ಆರಿಸಿ ಮತ್ತೆ ಮೇಲಕ್ಕೆ ತರಬಹುದು.

ಯಾರೋ ಹಾಗೆ ತಂದಿದ್ದರು. ಕೈಬಿಟ್ಟಿದ್ದ ಲೆಕ್ಕ ಮತ್ತೆ ನಡೆದು ಒಂದು ಹಡಗಿನ ನಿಂಬೆಯೆಲ್ಲ ಕೊಳೆತಿತ್ತು. ಮೇಲಧಿಕಾರಿ ಅಮಿಲ್ಕಾರ್ ಎಲ್ಲರನ್ನೂ ಸೇರಿಸಿ ಕೇಳಿದಾಗ ಉತ್ತರ ಕೊಡುವ ಆತುರ ಅಲ್ಲೇ ಪ್ರೋಗ್ರಾಮ್ ಬರೆಯುತ್ತಿದ್ದ ನೆಲಿದಾಳಿಗೆ. ಆವೃತ್ತಿಗಳ ಸಾಲು ತೆರೆದು, ಮೇಲಿನ ಅಕ್ಷರಗಳ ಮೇಲೆ ಬೆರಳಿಟ್ಟಳು.

"ಒವಿದಿಯೊ, ಇದು ನಿಂದೇ ಅಲ್ವಾ? ವಯಸ್ಸಾಯ್ತು ಕಣೋ ನಿಂಗೆ. ಹಳೇದ್ಯಾವ್ದು ಹೊಸದ್ಯಾವ್ದು ಅಂತ್ಲೂ ಗೊತ್ತಾಗ್ತಿಲ್ಲ."

ಕೆಲವರು ನಕ್ಕರು. ಅವರಲ್ಲೆಲ್ಲ ಹಿರಿಯನಾದ ಒವಿದಿಯೊ ಬಹಳ ಹೊತ್ತು ಪರದೆ ನೋಡಿದ. ನೆನಪಿಲ್ಲ, ಆದರೆ ಅಕ್ಷರ ತನ್ನವೇ ಎಂದ. ಮಾಟೆ ಕಷಾಯದ ಸೋರೆಬುರುಡೆ ಕೈಯಿಂದ ಕೈಗೆ ಸಾಗುತ್ತ ಅವನ ಬಳಿ ಬಂದಾಗ "ಗ್ರಾಸಿಯಾಸ್", ಧನ್ಯವಾದ, ಎಂದು ಹಾಗೇ ಹಿಂದಕ್ಕೆ ಕೊಟ್ಟ. ಸರದಿಯಲ್ಲಿ ಹಾಗೆಂದವನು ಮತ್ತೆ ಕುಡಿಯುವುದಿಲ್ಲ. ಆ ಪ್ರೋಗ್ರಾಮಿನ ಕೆಲಸ ಇನ್ನು ಅವನದಲ್ಲವೆಂದು ಅಮಿಲ್ಕಾರ್ ಹೇಳಿದ.

ಮರುದಿನ ನೆಲಿದಾ ಲೆಕ್ಕವನ್ನು ಸರಿಪಡಿಸಿ ಉಳಿಸಿದಳು. ಸಾಲಿನ ಮೇಲ್ತುದಿಯಲ್ಲಿ ಹೊಸ ಆವೃತ್ತಿ ಮೂಡಿತು, ಒವಿದಿಯೊನ ಅಕ್ಷರಗಳೊಂದಿಗೆ. ಮತ್ತೆ ಉಳಿಸಿದಳು. ಮತ್ತೂ ಅವೇ.

ಆಗ ಹೊಳೆಯಿತು. ಬೇಸಿಗೆಯಲ್ಲಿ ಅವಳ ಯಂತ್ರ ಕೆಟ್ಟಾಗ ಒವಿದಿಯೊನ ಯಂತ್ರದಲ್ಲಿದ್ದ ಇಡೀ ಸ್ಮಾಲ್‌ಟಾಕನ್ನೇ ನಕಲು ಮಾಡಿಕೊಂಡಿದ್ದಳು, ಪಾತ್ರೆಪಡಗ ಸಮೇತವಿದ್ದ ಯಾರದೋ ಮನೆಗೆ ಹೊಕ್ಕ ಹಾಗೆ. ಅದು ಮೊದಲಕ್ಷರ ಕೇಳುವುದು ಒಮ್ಮೆ ಮಾತ್ರ. ಒವಿದಿಯೊನನ್ನು ಎಂದೋ ಕೇಳಿತ್ತು, ಅವಳನ್ನು ಕೇಳಲೇ ಇಲ್ಲ. ಹೋಲಿಸಿ ನೋಡಲು ಹಳೆಯ ಲೆಕ್ಕವನ್ನು ಮೇಲೆ ತಂದು, ಮರಳಿ ಇಳಿಸಲು ಮರೆತವಳೂ ಅವಳೇ.

ಹಳೆಯ ಆವೃತ್ತಿಗಳನ್ನೆಲ್ಲ, ಯಾರು ತಿದ್ದಿದರೆಂಬ ಗುರುತಿನ ಸಮೇತ, ಒಟ್ಟಿಗೆ ಎಸೆದು ಹಗುರಾಗುವ ಆಜ್ಞೆಯೊಂದಿದೆ. ಅವಳ ಕೈ ಅಲ್ಲಿಯವರೆಗೂ ಹೋಯಿತು. ಹೋದದ್ದು ಕಂಡು ಕಿವಿಯ ತುದಿಯವರೆಗೆ ಬಿಸಿಯೇರಿತು. ಎದ್ದು ಒವಿದಿಯೊನ ಬಳಿ ಹೋಗಿ ಎಲ್ಲ ಹೇಳಿದಳು.

ಅವನು ಖಾಲಿ ಮಾಡುತ್ತಿದ್ದ ಮೇಜಿನ ಖಾನೆಯನ್ನು ಮುಚ್ಚಿದ.

"ನಮ್ಮಪ್ಪಂಗೆ ಬಂದ ಮರೆವು ನಂಗೂ ಬಂತು ಅಂತ ನಿನ್ನೆ ಹೆಂಡ್ತಿ ಹತ್ರ ಅತ್ಬಿಟ್ಟೆ ಕಣೇ," ಎಂದ. ಆಮೇಲೆ, "ನಿನ್ನೆ ಎಲ್ಲಿ ಹೇಳಿದ್ಯೋ ಇದ್ನೂ ಅಲ್ಲೇ ಹೇಳು."

ಅಲ್ಲೇ ಹೇಳಿದಳು, ಎಲ್ಲರೆದುರು, ನಿಂತುಕೊಂಡು. ನಿನ್ನೆ ನಕ್ಕವರು ನೆಲ ನೋಡಿದರು. ಬುರುಡೆ ತನ್ನ ಸರದಿಗೆ ಬಂದಾಗ ಕುಡಿಯದೆ ಒವಿದಿಯೊನ ಕಡೆ ಚಾಚಿದಳು. ಅವನು ತೆಗೆದುಕೊಂಡು ಕುಡಿದ. ಅವಳ ಮುಖ ಮಾತ್ರ ನೋಡಲಿಲ್ಲ.