ಗಾಲಿ ಏರಿದ ಗಸ್ತು ದೋಣಿ

“ಬಣ್ಣ ಹಸಿ ಇದೆ ಕಣಮ್ಮಾ, ಮುಟ್ಬೇಡ!” ಅಂತ ಕ್ಯಾಪ್ಟನ್ ಬರಾಹೋನಾ ಕುರ್ಚಿಯಿಂದಲೇ ಕೂಗಿದ.

ಮೀನು ಮಾರುವ ಡೊರೊತಿಯಾಗೆ ಬಣ್ಣದ ಗೊಡವೆ ಯಾಕೆ? ಮೀನು ಹಿಡಿಯಲು ಹೋಗಿ ಬೆಳಿಗ್ಗೆ ಬರಬೇಕಿದ್ದ ತಮ್ಮ ಎಲಿಹಿಯೋ ಮಧ್ಯಾಹ್ನವಾದರೂ ಬಂದಿರಲಿಲ್ಲ. ಎಂಜಿನ್ ಕೆಟ್ಟು ಹವಳದ ದಿಬ್ಬದಾಚೆ ತೇಲುತ್ತಿದ್ದಾನೆ ಅಂತ ದೂರದಿಂದ ಕಂಡ ಸೀಗಡಿ ದೋಣಿಯವರು ರೇಡಿಯೋದಲ್ಲಿ ಹೇಳಿದ್ದರು. ಗಾಳಿ ನಡುಗಡಲಿನ ಕಡೆಗೆ ಬೀಸುತ್ತಿತ್ತು. ಕತ್ತಲಾಗುವುದರೊಳಗೆ ಹಿಡಿಯದಿದ್ದರೆ ಅವನ ಆಸೆ ಬಿಟ್ಟ ಹಾಗೇ.

ಅದಕ್ಕೇ ನೌಕಾಪಡೆಯ ಅಂಗಳಕ್ಕೆ ಓಡಿ ಬಂದಿದ್ದಳು. ಹತ್ತೊಂಬತ್ತು ಜನ ಅಧಿಕಾರಿಗಳು, ಹನ್ನೊಂದು ನಾವಿಕರು, ಒಂದು ಬ್ಯಾಂಡು, ಒಂದೇ ಒಂದು ಗಸ್ತು ದೋಣಿ. ಆ ದೋಣಿಯೂ ಈಗ ಹೊಸದಾಗಿ ಬೂದು ಬಣ್ಣ ಬಳಿಸಿಕೊಂಡು ಲಾರಿಯ ಹಿಂದಿನ ಗಾಲಿಬಂಡಿ ಮೇಲೆ ಕೂತಿತ್ತು.

“ನಾಳೆ ಮೆರವಣಿಗೆ. ಅಧ್ಯಕ್ಷರು ಬರ್ತಾರೆ,” ಅಂದ ಕ್ಯಾಪ್ಟನ್.

“ನನ್ ತಮ್ಮ ನಾಳೆ ತನಕ ಕಾಯಲ್ಲ ಸ್ವಾಮಿ. ನೀರಿಗಿಳಿಸಿ.”

“ಎಂಜಿನ್ ಬಿಚ್ಚಿಟ್ಟಿದೀವಲ್ಲ! ಮೆರವಣಿಗೆ ದಾಟೋ ಪೇಟೆ ಸೇತುವೆ ಅಷ್ಟು ಭಾರ ತಡೆಯಲ್ಲ. ಪ್ರತಿ ವರ್ಷದ ವಾಡಿಕೆ.”

ಎಂಜಿನ್ನುಗಳೆರಡೂ ಶೆಡ್ಡಿನಲ್ಲಿ ಮಲಗಿದ್ದವು, ಮೇಲೆ ಬ್ಯಾಂಡಿನವರ ಡೋಲು.

“ಸಮುದ್ರ ಕಾಯೋ ದೋಣೀನ ಸೇತುವೆ ಮೇಲೆ ಎಳ್ಕೊಂಡು ಹೋಗ್ತೀರಾ? ಶತ್ರುಗಳಿಗೂ ಒಂದು ಕಾಗದ ಬರೀರಿ, ರಸ್ತೆ ಮೇಲೇ ಬನ್ನಿ ಅಂತ.”

ಬಣ್ಣ ಬಳಿಯುತ್ತಿದ್ದ ನಾವಿಕ ಟಿಬುರ್ಸಿಯೋ ನಗು ಬಂದು ಕೆಮ್ಮಿದ.

“ನಾಲಿಗೆ ಬಿಗಿ ಹಿಡಿ!”

“ಹಿಡೀತೀನಿ. ಒಂದು ಎಂಜಿನ್ ಕೊಡಿ. ನಮ್ ಚಿಕ್ಕಪ್ಪನ ದೋಣಿ ಇದೆ, ಎಂಜಿನ್ನೇ ಇಲ್ಲ, ಅದರ ಹಿಂದಕ್ಕೆ ಸಿಕ್ಕಿಸ್ಕೋತೀನಿ.”

“ಅಡ್ಮಿರಲ್ ಸಹಿ ಬೇಕು. ಅವರು ದರ್ಜಿ ಅಂಗಡೀಲಿದಾರೆ, ಹೊಸ ಕೋಟಿನ ಅಳತೆಗೆ.”

ಡೊರೊತಿಯಾ ಕ್ಯಾಪ್ಟನ್ನನ ಎದೆಯ ಪದಕಗಳನ್ನು ಒಂದೊಂದಾಗಿ ನೋಡಿದಳು, ಸಂತೆಯಲ್ಲಿ ಕೊಳೆತ ಮೀನು ನೋಡುವ ಹಾಗೆ. “ಇವೆಲ್ಲ ಯಾವ ಯುದ್ಧದ್ದು? ಸೇತುವೆ ದಾಟಿದ್ದಕ್ಕಾ?” ಅಂದವಳೇ ಶೆಡ್ಡಿಗೆ ನುಗ್ಗಿ ಡೋಲನ್ನು ಆಚೆ ಉರುಳಿಸಿ ಎಂಜಿನ್ನಿನ ಒಂದು ತುದಿಗೆ ಕೈ ಹಾಕಿದಳು. ಅಲುಗಲಿಲ್ಲ. ಟಿಬುರ್ಸಿಯೋ ಕುಂಚ ಕೆಳಗಿಟ್ಟು ಇನ್ನೊಂದು ತುದಿ ಹಿಡಿದ.

“ಏಯ್! ನಿನ್ ಕೆಲಸ ಹೋಯ್ತು ಅನ್ಕೋ!”

“ನಾವಿಕನಾಗಿ ಸೇರಿದ್ದು ಕ್ಯಾಪ್ಟನ್ರೇ. ಆರು ವರ್ಷದಿಂದ ಬರೀ ಬಣ್ಣ ಬಳೀತಿದೀನಿ,” ಅಂದ ಟಿಬುರ್ಸಿಯೋ. “ಅಕ್ಕಾ, ಪೆಟ್ರೋಲ್ ಡಬ್ಬಿ ಮರೀಬೇಡ.”

ದೋಣಿ ಕಟ್ಟುವ ದಕ್ಕೆಗೆ ಹೊತ್ತೊಯ್ದು ಸಿಕ್ಕಿಸಿ, ಹಗ್ಗ ಮೂರು ಸಲ ಎಳೆದ ಮೇಲೆ ಎಂಜಿನ್ ಗುಡುಗಿತು. ಚಿಕ್ಕಪ್ಪನ ದೋಣಿ ದಿಬ್ಬದ ಕಡೆ ಮೂತಿ ತಿರುಗಿಸಿ ಹಾರಿತು. ಅಂಗಳದಿಂದ ಅದನ್ನೇ ನೋಡುತ್ತಾ ಕ್ಯಾಪ್ಟನ್ ಎರಡು ಹೆಜ್ಜೆ ಹಿಂದಕ್ಕೆ ಸರಿದು ಗಸ್ತು ದೋಣಿಗೆ ಒರಗಿದ. ಬಿಳಿ ಸಮವಸ್ತ್ರದ ಬೆನ್ನು ಪೂರ್ತಿ ಬೂದು ಬಣ್ಣವಾಯಿತು.