ದೊರೆಗೆ ನಯ ಬಂತು

ವಾರ್ಡನಮ್ಮನಿಗೆ ಮಗಳ ಮನೆಯಲ್ಲಿ ಎಲ್ಲವೂ ಹಿಡಿಸಿತ್ತು, ನಾಯಿಯೊಂದನ್ನು ಬಿಟ್ಟು.

ಆಯುಷ್ಯದ ಬಹುಪಾಲನ್ನು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ಕಳೆದವರು ಅವರು. ಯಾವ ಕೋಣೆಯಲ್ಲಿ ಒದ್ದೆ ಟವೆಲ್ಲನ್ನು ಹಾಸಿಗೆಯ ಕೆಳಗೆ ತುರುಕಿದ್ದಾರೆ, ಯಾವ ನಲ್ಲಿಯ ಹಿಂದೆ ಪಾಚಿ ಕೂತಿದೆ ಎಂಬುದನ್ನು ಬಾಗಿಲಲ್ಲೇ ನಿಂತು ಹೇಳುತ್ತಿದ್ದರು. ಕೆಲಸದಿಂದ ನಿವೃತ್ತರಾಗಿ ಮಗಳ ಮನೆ ಸೇರಿದರೂ ಮೂಗಿಗೆ ಮಾತ್ರ ನಿವೃತ್ತಿ ಸಿಗಲಿಲ್ಲ.

ಅಂಥ ಮೂಗಿನ ಮುಂದೆ ದಿನವಿಡೀ ಬಿದ್ದಿರುತ್ತಿತ್ತು ಈ ನಾಯಿ. ಕಂದು ಬಣ್ಣ, ಉದ್ದ ಕೂದಲು, ಕರುವಿನಷ್ಟು ಗಾತ್ರ. ಹೆಸರು ದೊರೆ. ‘ದೊರೆಯಂತೆ ದೊರೆ! ಗಬ್ಬುನಾಥ ಅನ್ನಿ’ ಎಂದು ವಾರ್ಡನಮ್ಮ ಬಂದ ಹೊಸದರಲ್ಲೇ ಮರುನಾಮಕರಣ ಮಾಡಿಬಿಟ್ಟಿದ್ದರು.

ಅಳಿಯನಿಗೆ ಮಾರ್ಬಲ್ ಪಾಲಿಶ್ ಮಾಡಿಸುವ ಕೆಲಸ. ದೊಡ್ಡ ದೊಡ್ಡ ಮನೆ, ಹೋಟೆಲುಗಳ ನೆಲವೆಲ್ಲ ಅವನ ಕೈಯಲ್ಲೇ ಹೊಳಪು ಕಂಡದ್ದು. ತನ್ನ ಮನೆಯ ಹಜಾರವನ್ನಂತೂ ಕನ್ನಡಿ ಮಾಡಿಟ್ಟಿದ್ದ. ಬಗ್ಗಿ ನೋಡಿದರೆ ತಲೆ ಬಾಚಿಕೊಳ್ಳಬಹುದು. ಹೊಸ ಗಿರಾಕಿಗಳನ್ನು ಮನೆಗೇ ಕರೆತಂದು, ಚಪ್ಪಲಿ ಬಿಡಿಸಿ, ನೆಲ ತೋರಿಸುತ್ತಿದ್ದ. ಒರಟು ಕಲ್ಲಿನಿಂದ ಉಜ್ಜಲು ಶುರುಮಾಡಿ, ಅದಕ್ಕಿಂತ ಸಣ್ಣದು, ಅದಕ್ಕಿಂತ ಸಣ್ಣದು ಎಂದು ಇಳಿಯುತ್ತಾ ಹೋಗಿ, ಕೊನೆಗೆ ಅಂಗೈಯನ್ನು ನೆಲದ ಮೇಲೆ ಜಾರಿಸಿ ‘ನಯ ಬಂತು’ ಎಂದರೆ ಕೆಲಸ ಮುಗಿದಂತೆ. ಆ ಮಾತನ್ನು ಅವನು ಎಷ್ಟು ಪ್ರೀತಿಯಿಂದ ಆಡುತ್ತಿದ್ದನೆಂದರೆ, ಪಕ್ಕದ ಕೋಣೆಯಲ್ಲಿದ್ದವರಿಗೂ ನೆಲ ಮುಟ್ಟಿ ನೋಡಬೇಕೆನಿಸುತ್ತಿತ್ತು.

ಒಳ್ಳೆಯ ಮನುಷ್ಯ. ಅತ್ತೆ ಬಂದ ದಿನವೇ ‘ನೆಲ ಜಾರುತ್ತೆ ಅತ್ತೆ’ ಎಂದು ಅಡಿಗೆ ರಬ್ಬರಿನ ಹಿಡಿತವಿದ್ದ ಚಪ್ಪಲಿ ತಂದುಕೊಟ್ಟಿದ್ದ. ಅಳತೆ ಕೇಳಿದರೆ ಸಂಕೋಚಪಟ್ಟಾರೆಂದು, ಬಾಗಿಲಲ್ಲಿ ಬಿಟ್ಟ ಅವರ ಹಳೆಯ ಚಪ್ಪಲಿಯ ಮೇಲೆ ಗೇಣಿಟ್ಟು ನೋಡಿಕೊಂಡು ಹೋಗಿದ್ದ. ವಾರ್ಡನಮ್ಮ ಕಿಟಕಿಯಿಂದ ನೋಡಿಯೂ ನೋಡದಂತಿದ್ದರು.

ಆದರೆ ನಾಯಿಯ ವಿಷಯದಲ್ಲಿ ಆ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

‘ನೋಡಿ ಅತ್ತೆ, ಮೊದಲು ಬಂದವರ ಮೈಮೇಲೆಲ್ಲಾ ಹಾರ್ತಿದ್ದ. ಈಗ ಗಿರಾಕಿ ಬಂದ್ರೂ ಮಲಗಿದ ಕಡೆ ಮಲಗಿರ್ತಾನೆ. ಸೋಫಾ ಹತ್ತಲ್ಲ. ಹಜಾರದ ಮಧ್ಯೆ ಕಾಲಿಡಲ್ಲ, ಗೋಡೆ ಪಕ್ಕದಲ್ಲೇ ನಡೀತಾನೆ, ನೆಲಕ್ಕೆ ಅಷ್ಟು ಮರ್ಯಾದೆ! ದೊರೆಗೂ ನಯ ಬಂತು.’

‘ಬಂತು ಬಂತು, ಗಬ್ಬು ಬಂತು’ ಎಂದು ವಾರ್ಡನಮ್ಮ ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದರು.

ಮನೆಯವರೆಲ್ಲ ಕೆಲಸಕ್ಕೆ ಹೋದ ಮೇಲೆ ಉಳಿಯುತ್ತಿದ್ದದ್ದು ಅವರೂ ಅದೂ. ಕಣ್ಣು ಮುಚ್ಚಿದರೆ ಚಪ್ ಚಪ್ ಸದ್ದು. ಮುಂಗಾಲೊಂದನ್ನು ಎದುರಿಗೆ ಚಾಚಿಕೊಂಡು ನೆಕ್ಕಿದ್ದೇ ನೆಕ್ಕಿದ್ದು. ಎಂಜಲಲ್ಲಿ ನೆನೆದು ನೆನೆದು ಅಲ್ಲಿನ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಬೆನ್ನ ಹಿಂಭಾಗದ ಕೂದಲು ಜಡೆಗಟ್ಟಿ, ಅದರಲ್ಲಿ ಏನೇನೋ ಅಂಟಿಕೊಂಡು, ಅದು ಎದ್ದರೆ ಒಂದು ವಾಸನೆ, ಕೂತರೆ ಇನ್ನೊಂದು. ಕೂರುವುದಾದರೂ ಸರಿಯಾಗಿ ಕೂರುತ್ತದೆಯೇ? ಒಂದು ಹಿಂಗಾಲನ್ನು ಪಕ್ಕಕ್ಕೆ ಎಸೆದು, ಕಟ್ಟೆಯ ಮೇಲಿನ ಸೋಮಾರಿಯಂತೆ. ಚಳಿಯಲ್ಲೂ ನಾಲಗೆ ಚಾಚಿ ಏದುಸಿರು, ಜೊಲ್ಲು. ‘ತಿಂದು ತಿಂದು ಕೊಬ್ಬಿದೆ’ ಎಂದುಕೊಂಡು ಅವರು ಕುರ್ಚಿಯನ್ನು ಇನ್ನಷ್ಟು ದೂರ ಎಳೆದುಕೊಳ್ಳುತ್ತಿದ್ದರು. ದೂರದಿಂದ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಒಂದು ಬೆಳಿಗ್ಗೆ ಹಜಾರದಲ್ಲೇ, ಬಂದವರ ಕಣ್ಣಿಗೆ ಬೀಳುವ ಗೋಡೆಯ ಪಕ್ಕ ಅದು ಉಚ್ಚೆ ಹೊಯ್ದಿತು. ಮಗಳು ಒರೆಸಿದಳು. ಆದರೆ ಮಾರ್ಬಲ್ಲು ಹುಳಿಯನ್ನು ತಡೆಯುವ ಕಲ್ಲಲ್ಲ. ಒರೆಸಿದ ಜಾಗ ಮಂಕಾಗಿ, ಕಣ್ಣಿನಲ್ಲಿ ಪೊರೆ ಬಂದಂತೆ ಬಿಳಿಚಿಕೊಂಡಿತು. ಅಳಿಯ ಮೊಣಕಾಲೂರಿ ಕೂತು ಆ ಕಲೆಯನ್ನು ಬೆರಳಿನಿಂದ ಮತ್ತೆ ಮತ್ತೆ ಸವರಿದ. ಮಾರನೆಯ ದಿನ ಅದರ ಪಕ್ಕದಲ್ಲೇ ಇನ್ನೊಂದು ಕಲೆ.

‘ಬೇಕೂಂತ ಮಾಡ್ತಿದ್ದಾನೆ’ ಎಂದ ಅಳಿಯ. ಅವನು ಅಷ್ಟು ಕೆಟ್ಟ ದನಿಯಲ್ಲಿ ಮಾತಾಡಿದ್ದನ್ನು ವಾರ್ಡನಮ್ಮ ಕೇಳಿರಲಿಲ್ಲ. ‘ಸಾಕು. ನಮ್ಮ ಕಲ್ಲಿನ ಯಾರ್ಡಲ್ಲಿ ಕಟ್ಟಿಹಾಕ್ತೀನಿ. ಅಲ್ಲಿ ಎಲ್ಲಿ ಬೇಕಾದ್ರೂ ಹೊಯ್ಕೊಳ್ಳಲಿ.’

ಮಗಳು ಅತ್ತಳು. ‘ಒಂದ್ಸಲ ಡಾಕ್ಟ್ರಿಗೆ ತೋರಿಸೋಣ ಕಣ್ರೀ. ಉಚ್ಚೆ ತೊಂದರೆ ಏನಾದ್ರೂ ಇದ್ದರೆ?’

‘ತೋರಿಸು. ಮಾತ್ರೆಯಲ್ಲಿ ನಿಂತರೆ ಸರಿ. ಇಲ್ಲಾಂದ್ರೆ ಯಾರ್ಡು.’

‘ನಾನೂ ಬರ್ತೀನಿ’ ಎಂದರು ವಾರ್ಡನಮ್ಮ. ಮಗಳು ಕಣ್ಣೊರೆಸಿಕೊಂಡು ಆಶ್ಚರ್ಯದಿಂದ ನೋಡಿದಳು. ತಾಯಿಗೆ ಕರುಣೆ ಬಂತೆಂದು ತಿಳಿದಳೋ ಏನೋ. ವಾರ್ಡನಮ್ಮನ ಉದ್ದೇಶ ಬೇರೆ. ಮೆದುಮನಸ್ಸಿನ ಮಗಳು ಏನೂ ಹೇಳುವುದಿಲ್ಲ. ಈ ಗಬ್ಬುನಾಥನ ಪುರಾಣವನ್ನೆಲ್ಲ ತಾವೇ ಬಿಚ್ಚಿಟ್ಟರೆ ಡಾಕ್ಟರೇ ‘ಮನೆಯಲ್ಲಿ ಇಟ್ಟುಕೊಳ್ಳಬೇಡಿ’ ಎಂದಾರು.

ಪ್ರಾಣಿಗಳ ಡಾಕ್ಟರಮ್ಮ ದಪ್ಪ ಕನ್ನಡಕದ ಹೆಂಗಸು. ನಾಯಿಯನ್ನು ಮೇಜಿನ ಮೇಲೆ ಎತ್ತಿಸಲಿಲ್ಲ. ಚಾಪೆಯೊಂದನ್ನು ಹಾಸಿ ತಾವೇ ಕೆಳಗೆ ಕೂತರು.

‘ಹೇಗಿದ್ದಾನೆ ದೊರೆ?’

‘ಚೆನ್ನಾಗೇ ಇದ್ದಾನೆ ಡಾಕ್ಟ್ರೇ. ಮೊದಲಿನ ಹಾಗಲ್ಲ, ತುಂಬಾ ಸಾಧು ಆಗಿದ್ದಾನೆ’ ಎಂದಳು ಮಗಳು.

‘ನಯ ಕಲಿತಿದ್ದ, ಸೋಫಾನೂ ಹತ್ತಲ್ಲ’ ಎಂದ ಕಾರು ಓಡಿಸಿಕೊಂಡು ಬಂದಿದ್ದ ಅಳಿಯ. ‘ಈ ಉಚ್ಚೆದೊಂದೇ ಈಗ...’

ವಾರ್ಡನಮ್ಮನಿಗೆ ತಡೆಯಲಾಗಲಿಲ್ಲ. ‘ಎಂಥ ನಯ? ಡಾಕ್ಟರಮ್ಮ, ಇವರ ಮಾತು ಬಿಡಿ. ದಿನವಿಡೀ ಇದರ ಮುಖ ನೋಡೋಳು ನಾನು. ಕೇಳಿ. ಮೊದಲನೇದು, ನೆಕ್ಕುತ್ತೆ. ಅಸಹ್ಯ!’

‘ಎಲ್ಲಿ ನೆಕ್ಕುತ್ತೆ ಅಮ್ಮ?’

‘ಬಲಗಡೆ ಮುಂಗಾಲು. ಮಣಿಕಟ್ಟಿನ ಹತ್ರ. ಬೇರೆ ಕಾಲು ಮುಟ್ಟಲ್ಲ. ಆದರೆ ತೊಳ್ಕೋಬೇಕಾದ ಜಾಗ ಇದೆಯಲ್ಲ, ಹಿಂದೆ, ಅದರ ಕಡೆ ಮಾತ್ರ ತಿರುಗಿಯೂ ನೋಡಲ್ಲ. ಅಲ್ಲಿ ನೋಡಿ, ಕೂದಲು ಹೇಗೆ ಗಂಟು ಕಟ್ಟಿದೆ. ಥೂ.’

‘ತಿರುಗೋಕೆ ಹೋಗಿ ಬಿಟ್ಟುಬಿಡುತ್ತಾ?’

‘ಹೂಂ. ಅರ್ಧ ಬಾಗುತ್ತೆ, ಆಮೇಲೆ ಸೋಮಾರಿತನ. ಬಾಚೋಕೆ ಹೋದ ಇವಳಿಗೇ ಗುರ್ ಅಂದಿತು, ಅನ್ನ ಹಾಕೋ ಕೈಗೆ! ಏಳೋದು ನೋಡ್ಬೇಕು ನೀವು. ಮುಂದಿನ ಭಾಗ ಎದ್ದು ಯಾವಾಗಲೋ ಆಗಿರುತ್ತೆ, ಹಿಂದಿನದಕ್ಕೆ ಬೇರೆ ಆಮಂತ್ರಣ ಕೊಡಬೇಕು. ಉಗುರು ಬೆಳೆದು ನೆಲದ ಮೇಲೆ ಟಕ್ ಟಕ್. ಗಂಡುನಾಯಿ ಅಂತೀರಿ, ಕಾಲೆತ್ತೋದನ್ನ ನಾನು ನೋಡೇ ಇಲ್ಲ, ಅರ್ಧಂಬರ್ಧ ಬಗ್ಗಿ ಅಲ್ಲೇ...’

‘ಮೆಟ್ಟಿಲು?’

‘ಹಿತ್ತಲಿಗೆ ಇಳಿಯೋ ಎರಡು ಮೆಟ್ಟಿಲು. ಮೊಲದ ಹಾಗೆ ಹಿಂಗಾಲು ಎರಡನ್ನೂ ಒಟ್ಟಿಗೇ ಕುಪ್ಪಳಿಸುತ್ತೆ, ಕೋಡಂಗಿ.’

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ‘ಇನ್ನೂ ಹೇಳಿ ಅಮ್ಮ’ ಎಂದರು.

ಇಷ್ಟು ಆಸಕ್ತಿಯಿಂದ ತಮ್ಮ ದೂರನ್ನು ಕೇಳಿದವರು ಹಾಸ್ಟೆಲಿನಲ್ಲೂ ಇರಲಿಲ್ಲ. ವಾರ್ಡನಮ್ಮ ಹುರುಪಿನಿಂದ ಸೋಮಾರಿ ಕೂರಾಟ, ಚಳಿಯಲ್ಲಿನ ಏದುಸಿರು, ಊಟದ ತಟ್ಟೆಗೆ ಬಗ್ಗುವ ಮುಂಚೆ ಕಾಲು ಬದಲಿಸಿ ಬದಲಿಸಿ ನಿಲ್ಲುವ ನಖರಾ, ಎಲ್ಲವನ್ನೂ ಹೇಳಿ ಮುಗಿಸಿದರು.

ಡಾಕ್ಟರಮ್ಮ ಎರಡೂ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡು ನಾಯಿಯ ತೊಡೆಗಳನ್ನು ಹಿಡಿದು ನೋಡಿದರು. ಸೊಂಟದ ಕೀಲನ್ನು ಮೆಲ್ಲಗೆ ಹಿಂದಕ್ಕೆ ಚಾಚಿಸಿದರು. ನಾಯಿ ಕೂಗಲಿಲ್ಲ. ತುಟಿ ನೆಕ್ಕಿಕೊಂಡು, ಮುಖವನ್ನು ಅತ್ತ ತಿರುಗಿಸಿತು, ಅಷ್ಟೆ.

‘ಈ ತುಟಿ ನೆಕ್ಕೋದು ನೋಡಿದ್ರಾ? ಇದೇ ಅವನ ಕೂಗು’ ಎಂದರು ಡಾಕ್ಟರಮ್ಮ. ‘ಅಮ್ಮ, ನೋವನ್ನ ಇಷ್ಟು ಚೆನ್ನಾಗಿ ವರ್ಣಿಸಿದವರು ಈ ಕೋಣೆಗೆ ಯಾರೂ ಬಂದಿರಲಿಲ್ಲ.’

‘ನೋವಾ? ಯಾರದು?’

‘ದೊರೆದು. ಸೊಂಟದ ಕೀಲು ಸವೆದಿರೋ ಹಾಗಿದೆ, ಎಕ್ಸ್‌ರೇ ತೆಗೀತೀನಿ. ಮುಂಗಾಲಿನ ಕೀಲೂ ನೋಯ್ತಿದೆ, ಅದಕ್ಕೇ ಆ ನೆಕ್ಕಾಟ. ತೊಡೆಯ ಮಾಂಸ ಕರಗಿದೆ, ಕೂದಲಲ್ಲಿ ಗೊತ್ತಾಗಲ್ಲ. ಸೋಫಾ ಹತ್ತಲ್ಲ ಅಂದ್ರಲ್ಲ ಸಾರ್, ಹತ್ತೋಕೆ ಆಗಲ್ಲ. ಹೊರಗೆ ಹೋಗೋ ದಾರಿ ದಾಟೋ ಧೈರ್ಯ ಇಲ್ಲದೆ ಒಳಗೆ ಮಾಡ್ಕೊಂಡಿದ್ದಾನೆ. ಮನೇಲಿ ನೆಲ ಎಂಥದು?’

ಅಳಿಯ ತನ್ನ ಅಂಗೈ ನೋಡಿಕೊಂಡ.

‘ನಯವಾದ್ದು’ ಎಂದರು ವಾರ್ಡನಮ್ಮ.

ಔಷಧಿ ಬರೆದುಕೊಟ್ಟು, ಮನುಷ್ಯರ ನೋವಿನ ಮಾತ್ರೆಯನ್ನು ಮಾತ್ರ ಅಪ್ಪಿತಪ್ಪಿಯೂ ಕೊಡಬೇಡಿ, ಅದು ನಾಯಿಗೆ ವಿಷ ಎಂದು ಎಚ್ಚರಿಸಿ, ಮೈತೂಕ ಇಳಿಸಿ, ಚಾಪೆ ಹಾಸಿ ಜಾರದ ದಾರಿ ಮಾಡಿಕೊಡಿ ಎಂದು ಹೇಳಿ ಡಾಕ್ಟರಮ್ಮ ಕಳಿಸಿದರು. ಬರುವಾಗ ವಾರ್ಡನಮ್ಮನಿಗೆ ತುತ್ತಿನಲ್ಲಿ ಕೂದಲು ಸಿಕ್ಕಂತಿತ್ತು. ಫಿರ್ಯಾದು ಹೇಳಲು ಹೋದವರು ಆ ಗಬ್ಬುನಾಥನ ವಕೀಲರಾಗಿ ಹೊರಬಿದ್ದಿದ್ದರು. ಹಿಂದಿನ ಸೀಟಿನಲ್ಲಿ ಅದು ಅವರ ಮೊಣಕಾಲಿನ ಮೇಲೆ ಜೊಲ್ಲು ಸುರಿಸಿತು. ಸೆರಗನ್ನು ಮೂಗಿಗೆ ಒತ್ತಿಕೊಂಡರೂ ಕಾಲು ಸರಿಸಲಿಲ್ಲ. ಸರಿಸಿದರೆ ಅದರ ತಲೆ ಕೆಳಗೆ ಬೀಳುತ್ತಿತ್ತು.

‘ಯಾರ್ಡೇ ಒಳ್ಳೇದಲ್ವಾ ಅತ್ತೆ?’ ಎಂದ ಅಳಿಯ ಮನೆಗೆ ಬಂದ ಮೇಲೆ. ‘ಡಾಕ್ಟ್ರೇ ಹೇಳಿದ್ರಲ್ಲ. ಅಲ್ಲಿ ನೆಲ ಜಾರಲ್ಲ.’

ಯಾರ್ಡನ್ನು ಅವರು ಒಮ್ಮೆ ನೋಡಿದ್ದರು. ನಿಲ್ಲಿಸಿಟ್ಟ ಕಲ್ಲಿನ ಚಪ್ಪಡಿಗಳು, ಕಲ್ಲು ಕೊಯ್ದ ಬೂದು ರಾಡಿ, ತಣ್ಣನೆಯ ಸಿಮೆಂಟು, ಒಂದು ಕಬ್ಬಿಣದ ಕಂಬ.

‘ಹೌದು. ಸರಪಳಿ ಹಾಕಿದ ಮೇಲೆ ಜಾರೋದೆಲ್ಲಿಗೆ?’ ಎಂದರು. ‘ನನಗೆ ರಬ್ಬರ್ ಚಪ್ಪಲಿ ತಂದುಕೊಟ್ರಿ. ಅದಕ್ಕೇನು ಕೊಟ್ರಿ ಅಳಿಯಂದಿರೇ? ನಯ ಬಂತು ಅನ್ನೋ ಬಿರುದು. ನಾಯಿಗೆ ಬಂದಿರೋದು ನೋವು. ನಯವಂಚಕ ಅಂದ್ರೆ ನಿಮ್ಮ ಈ ನೆಲ.’

ಅವನ ಮುಖ ಕೆಂಪಾಯಿತು. ‘ಚಾಪೆ ಹಾಸಿದ್ರೆ ನೆಲ ಯಾರು ನೋಡ್ತಾರೆ? ನಾಳೆ ಹೋಟೆಲಿನವರು ಬರ್ತಿದ್ದಾರೆ. ಅವರು ನೋಡ್ಕೊಂಡು ಹೋಗಲಿ, ಮಧ್ಯಾಹ್ನ ಅವನನ್ನ ಕರ್ಕೊಂಡು ಹೋಗ್ತೀನಿ.’

ಮಾರನೆಯ ದಿನ ಹೋಟೆಲಿನ ಯಜಮಾನ ಬಂದ. ಮೈಗೆಲ್ಲ ಸುಗಂಧ ಬಳಿದುಕೊಂಡ ಮನುಷ್ಯ. ವಾರ್ಡನಮ್ಮನ ಮೂಗಿಗೆ ನಾಯಿಯೇ ವಾಸಿ ಅನ್ನಿಸಿತು. ಕಲೆಗಳಿದ್ದ ಜಾಗದ ಮೇಲೆ ಟೀಪಾಯಿ ಎಳೆದಿಟ್ಟಿದ್ದ ಅಳಿಯ, ಬಾಗಿಲಲ್ಲಿ ಬಗ್ಗಿ ನೆಲದ ಮೇಲೆ ಅಂಗೈ ಜಾರಿಸಿ ತೋರಿಸುತ್ತಿದ್ದ. ಅವನ ದನಿ ಕೇಳಿ ಮೂಲೆಯಲ್ಲಿದ್ದ ದೊರೆಗೆ ಏನನ್ನಿಸಿತೋ, ಹೊಸ ಔಷಧಿಯ ಧೈರ್ಯವೋ, ಎದ್ದಿತು. ಗೋಡೆ ಬಿಟ್ಟು ನೇರವಾಗಿ ಅವನ ಕಡೆ ಹೊರಟಿತು. ನಡುನೆಲಕ್ಕೆ ಬಂದದ್ದೇ ಹಿಂಗಾಲುಗಳು ಎರಡು ಕಡೆಗೆ ಸೀಳಿಕೊಂಡು ಹೋದವು. ಹೊಟ್ಟೆ ನೆಲಕ್ಕೆ ಬಡಿಯಿತು. ಬಾಲ ಮಾತ್ರ ಅಲ್ಲಾಡುತ್ತಲೇ ಇತ್ತು.

ಯಜಮಾನ ಗಹಗಹಿಸಿ ನಕ್ಕ. ‘ಭಲೇ! ಸ್ಕೇಟಿಂಗ್ ಮಾಡ್ತಾನಲ್ರೀ ನಿಮ್ಮ ನಾಯಿ! ನೆಲಕ್ಕೆ ಇದಕ್ಕಿಂತ ಜಾಹೀರಾತು ಬೇಕಾ? ತಡೀರಿ, ವಿಡಿಯೋ ಮಾಡ್ಕೋತೀನಿ. ಇನ್ನೊಂದ್ಸಲ ಕರೀರಿ.’

ಅಳಿಯ ಕರೆಯಲಿಲ್ಲ. ಯಜಮಾನನೇ ಫೋನು ಹಿಡಿದು, ನಾಲಗೆಯಿಂದ ಲೊಚಗುಟ್ಟಿ, ‘ಬಾ ಬಾ ಬಾ’ ಎಂದ. ನಾಯಿ ನಂಬಿತು. ಮುಂಗಾಲೂರಿ ಎದ್ದಿತು, ಜಾರಿತು, ಮತ್ತೆ ಎದ್ದಿತು. ತುಟಿ ನೆಕ್ಕಿಕೊಂಡಿತು. ಯಜಮಾನ ನಗುತ್ತಲೇ ಇದ್ದ.

‘ಥೂ!’

ಯಾರು ಅಂದದ್ದೆಂದು ವಾರ್ಡನಮ್ಮ ತಿರುಗಿ ನೋಡಿದರು. ತಮ್ಮ ಬಾಯಿಯಿಂದಲೇ ಬಂದಿರಬೇಕು ಎಂದುಕೊಂಡಿದ್ದರು. ಅಂದವನು ಅಳಿಯ. ಹಿಂದಿನ ದಿನ ಡಾಕ್ಟರಮ್ಮ ತೋರಿಸಿದ್ದ ಆ ತುಟಿಯನ್ನೇ ಅವನು ನೋಡುತ್ತಿದ್ದ. ಮುಖ ಹಳಸಿದ್ದನ್ನು ಬಾಯಿಗಿಟ್ಟವನ ಹಾಗೆ ಕಿವುಚಿಕೊಂಡಿತ್ತು.

‘ಫೋನು ಒಳಗಿಡಿ ಸಾರ್’ ಎಂದ.

‘ಯಾಕ್ರೀ, ತಮಾಷೆಗೆ...’

‘ಅವನಿಗೆ ನೋಯ್ತಿದೆ. ಇಡಿ ಒಳಗೆ.’

ಯಜಮಾನ ಮುಖ ಊದಿಸಿಕೊಂಡು, ಚಪ್ಪಲಿ ಸಿಕ್ಕಿಸಿಕೊಂಡು ಹೋದ. ಕೆಲಸ ಕೊಡುತ್ತೇನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಅಳಿಯ ನಾಯಿಯ ಹೊಟ್ಟೆಯ ಕೆಳಗೆ ತೋಳು ಕೊಟ್ಟು ಎತ್ತಿಕೊಂಡು ಮೂಲೆಗೆ ಒಯ್ದು ಮಲಗಿಸಿದ. ಆಮೇಲೆ ಯಾರ್ಡಿಗೆ ಹೋದ. ನಾಯಿಯನ್ನು ಕರೆದೊಯ್ಯಲಿಲ್ಲ. ಬರುವಾಗ ಪಾಲಿಶ್ ಮೆಷಿನ್ನು ತಂದ.

ಮೆಷಿನ್ನಿಗೆ ಎಲ್ಲಕ್ಕಿಂತ ಒರಟು ಕಲ್ಲು ಹಾಕಿ, ನಾಯಿಯ ಮೂಲೆಯಿಂದ ಹಿತ್ತಿಲ ಬಾಗಿಲಿನವರೆಗೆ, ಹಜಾರದ ನಡುವೆಯೇ, ಒಂದು ಆಳಿನ ಅಗಲಕ್ಕೆ ಉಜ್ಜತೊಡಗಿದ. ಬೂದು ರಾಡಿ ಎದ್ದು ಸೋಫಾದ ಕಾಲು, ಗೋಡೆ, ಪರದೆಯ ಅಂಚು ಎಲ್ಲ ಗಲೀಜಾಯಿತು. ಮಗಳು ಬಂದು ಬಾಗಿಲಲ್ಲೇ ನಿಂತುಬಿಟ್ಟಳು. ತೊಳೆದು ಒರೆಸಿದ ಮೇಲೆ ಆ ಪಟ್ಟಿ ಹೊಳೆಯುವ ಕೆರೆಯೊಳಗಿನ ಕಾಲುದಾರಿಯಂತೆ ಮಂಕಾಗಿ, ಕುರೂಪವಾಗಿ ಬಿದ್ದಿತ್ತು. ಹಿತ್ತಿಲ ಮೆಟ್ಟಿಲಿಗೆ ಅವನು ಹಲಗೆಯೊಂದನ್ನು ಓರೆಯಾಗಿ ಇಟ್ಟು ಗೋಣಿ ಬಡಿದ. ಅಂಗೈಯನ್ನು ಪಟ್ಟಿಯ ಮೇಲೆ ಎಳೆದು ನೋಡಿದ. ಕೈ ತಡೆಯಿತು.

‘ಬಾರೋ ದೊರೆ’ ಎಂದು ಕರೆದ. ನಾಯಿ ಪಟ್ಟಿಯ ಅಂಚಿಗೆ ಮೂಗು ತಂದು, ಕಾಲು ಹಿಂದಕ್ಕೆ ತೆಗೆದುಕೊಂಡಿತು. ಮಗಳು ಕರೆದಳು, ತಿಂಡಿ ತೋರಿಸಿದಳು. ಅದು ನೆಲವನ್ನೇ ನೋಡುತ್ತಿತ್ತು.

ವಾರ್ಡನಮ್ಮ ಎದ್ದರು. ಸೀರೆಯನ್ನು ಕಣಕಾಲಿನ ಮೇಲಕ್ಕೆ ಎತ್ತಿ ಹಿಡಿದು ಪಟ್ಟಿಯ ಮೇಲೆ ನಡೆದು ಬಂದು ಅದರ ಎದುರು ನಿಂತರು.

‘ಏನು ನೋಡ್ತೀಯೋ ಗಬ್ಬುನಾಥ? ನಿನ್ನ ಮಹಾರಾಜರು ಮನೆ ಹಾಳುಮಾಡಿ ದಾರಿ ಮಾಡಿದ್ದಾರೆ. ನಡಿ. ಇನ್ನೊಂದ್ಸಲ ಒಳಗೆ ಹೊಯ್ದರೆ ನೋಡು.’

ಬೈಗುಳದ ಪರಿಚಯವೇ ಹೆಚ್ಚಿತ್ತೇನೋ ಅದಕ್ಕೆ, ಬಲಗಾಲನ್ನು ಇಟ್ಟಿತು. ತಡೆದು ನೋಡಿತು. ಇನ್ನೊಂದು ಕಾಲು. ಅವರು ಬೈಯುತ್ತಾ ಹಿಂದೆ ಹಿಂದೆ ಸರಿದರು, ಅದು ಸೊಟ್ಟ ಸೊಟ್ಟ ಹೆಜ್ಜೆಯಲ್ಲಿ ಮುಂದೆ ಮುಂದೆ ಬಂತು. ಹಲಗೆ ಇಳಿದು ಹಿತ್ತಿಲ ಮಣ್ಣಿಗೆ ತಲುಪಿದ್ದೇ, ಇನ್ನೆರಡು ಹೆಜ್ಜೆ ದೂರ ಹೋಗುವ ಮರ್ಯಾದೆಯೂ ಇಲ್ಲದೆ, ಅವರ ಪಕ್ಕದಲ್ಲೇ ಅರ್ಧ ಬಗ್ಗಿ ನಿಂತು ಹೊಯ್ಯತೊಡಗಿತು. ಎಷ್ಟು ಹೊತ್ತಿನಿಂದ ತಡೆದುಕೊಂಡಿತ್ತೋ, ಮುಗಿಯಲೇ ಇಲ್ಲ. ಘಾಟು ಮೂಗಿಗೆ ಅಡರಿತು. ಹನಿಗಳು ಚಪ್ಪಲಿಯ ಅಂಚಿಗೆ ಸಿಡಿದವು.

‘ಥೂ, ಥೂ’ ಎಂದರು ವಾರ್ಡನಮ್ಮ. ಆದರೆ ಅದರ ಹಿಂಗಾಲುಗಳು ನಡುಗುತ್ತಿದ್ದವು. ಅವರು ಮುಖ ಸಿಂಡರಿಸಿಕೊಂಡೇ ಬಗ್ಗಿ, ಆ ಗಂಟುಗಟ್ಟಿದ ಸೊಂಟಕ್ಕೆ ಅಂಗೈ ಆನಿಸಿ, ಮುಗಿಯುವವರೆಗೂ ಹಿಡಿದುಕೊಂಡು ನಿಂತರು.